ಮೂರು ಸಲ ವಾಪಸು ಬಂದ ಹಕ್ಕಿ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಗೋಕಾಕದವರೆಲ್ಲ ಹೇಳುತ್ತಾರೆ. ಶುದ್ಧ ಸುಳ್ಳು. ಕೈಗೆ ಬಣ್ಣ ಮೆತ್ತಿಕೊಂಡು ಕುಳಿತವನಿಗೆ ಯಾರಾದರೂ ಬಣ್ಣದ ಪಾಠ ಹೇಳಲು ಬಂದಾಗ ಮಾತ್ರ ನನಗೆ ಸಿಟ್ಟು ಬರುತ್ತದೆ. ಅಂಥವರು ದಿನಕ್ಕೆ ಹತ್ತು ಮಂದಿ ಬಂದರೆ ಅದು ನನ್ನ ತಪ್ಪೇ? ಕಟ್ಟಿಗೆಯಲ್ಲಿ ಗಿಳಿ, ನವಿಲು, ಮಾವಿನಹಣ್ಣು ಮಾಡುವುದು ನಮಗೆ ಅಜ್ಜನ ಕಾಲದ ಕಸುಬು. ನಮ್ಮ ಮನೆಯಿಂದ ಹೋದ ಗೊಂಬೆ ಒಂದೂ ವಾಪಸು ಬಂದದ್ದಿರಲಿಲ್ಲ, ಹುಕ್ಕೇರಿಯ ಮಾಸ್ತರರು ಬರುವ ತನಕ.

ಈ ಮಾಸ್ತರರಿಗೆ ಪೆನ್ಶನ್ ಆಗಿತ್ತು, ಕೆಲಸವಿರಲಿಲ್ಲ. ಗೋಕಾಕ ಫಾಲ್ಸಿನ ಕಡೆಯ ಅಡವಿಯಲ್ಲಿ ಕಂಡ ಒಂದು ಹಕ್ಕಿಯನ್ನು ನಾನು ಮಾಡಿಕೊಡಬೇಕಂತೆ. ಹೆಸರು ಅವರಿಗೂ ಗೊತ್ತಿಲ್ಲ.

"ಗುಬ್ಬಿಯಷ್ಟ ಐತ್ರಿ. ಬೆನ್ನು ಬೂದಿ ಕಲಿಸಿದಂಥಾ ನೀಲಿ, ಹೊಟ್ಟಿ ಇಟ್ಟಂಗಿ ಬಣ್ಣ, ಕಣ್ಣಿನ ಗುಂಟ ಕಾಡಿಗಿ ತೀಡಿದಂಗ ಕರೀ ಗೀರು."

ಮಾಡಿದೆ. ಎಂಟು ದಿನಕ್ಕೆ ವಾಪಸು ತಂದು, "ಇದು ಅದಲ್ರಿ," ಎಂದರು. ಕೊಕ್ಕು ಉದ್ದ ಮಾಡಿದೆ. ಮತ್ತೆ ವಾಪಸು. ಬಾಲ ಮೊಟಕು ಮಾಡಿದೆ. ಮೂರನೆಯ ಸಲವೂ ತಂದರು! "ಬಣ್ಣ ಬರೋಬರಿ ಐತ್ರಿ, ಆದ್ರ ಅದಲ್ಲ. ಅದರ ನಡಿಗಿ ಹೆಂಗಂದ್ರ..." ಎಂದು ಬಾಯಿ ತೆಗೆದರು. ನನ್ನ ತಲೆ ಕೆಟ್ಟುಹೋಯಿತು. "ಗೊಂಬಿ ಎಲ್ಲೆರ ನಡೀತೈತೇನ್ರಿ?" ಎಂದು ಓಣಿಗೆಲ್ಲ ಕೇಳುವಂತೆ ಚೀರಿದೆ. ಬಡಪಾಯಿ ಮಾಸ್ತರರು ಹಕ್ಕಿಯನ್ನು ಅಲ್ಲೇ ಇಟ್ಟು ಹೊರಟುಹೋದರು.

ಹೆಂಡತಿ ಬಾಗಿಲಿಗೆ ಬಂದು, "ಅವರ ಬಾಯಿ ಮುಚ್ಚಿಸೂದು ಆತಲ್ಲ? ಇನ್ನರ ಒಮ್ಮಿ ಅಡವಿಗೆ ಹೋಗಿ ನೋಡಿ ಬರ್ರಿ. ಮಾವಾರ ಹೆಸರು ನೀವ ಕೆಡಸಾಕತ್ತೀರಿ," ಎಂದಳು. ಅಪ್ಪನ ಹೆಸರು ಎತ್ತಿದರೆ ನಾನು ಸೋತೆ. ಬೈಯುತ್ತಲೇ ಹೋದೆ, ಬೈಯುತ್ತಲೇ ಒಂದು ಮರದ ಕೆಳಗೆ ಕುಳಿತೆ. ಬೈಗುಳ ಮುಗಿಯುತ್ತ ಬಂದಾಗ ಬಂತು ನೋಡಿ. ಅದೇ ನೀಲಿ, ಅದೇ ಇಟ್ಟಿಗೆ ಬಣ್ಣ, ಅದೇ ಗೀರು. ತೊಗಟೆಯ ಸಂದಿಯಲ್ಲಿ ಹುಳ ಕೆದಕುತ್ತ ಬೊಡ್ಡೆಯ ಗುಂಟ ತಲೆಕೆಳಗಾಗಿ ಇಳಿದು ಬರುತ್ತಿತ್ತು, ಥೇಟ್ ಅಳಿಲಿನಂತೆ!

ನನಗೆ ಮೈಯೆಲ್ಲ ಉರಿಯಿತು. ನಮ್ಮ ಮನೆತನದ ಹಕ್ಕಿಗಳೆಲ್ಲ ಟೊಂಗೆಯ ಮೇಲೆ ಎದೆ ಉಬ್ಬಿಸಿ, ಕತ್ತು ಎತ್ತಿಯೇ ಕೂರುತ್ತವೆ. ಅಜ್ಜ ಕೂರಿಸಿದ, ಅಪ್ಪ ಕೂರಿಸಿದ, ನಾನೂ ಕೂರಿಸಿದೆ. ಹಕ್ಕಿಯನ್ನು ಕೇಳಿದವರು ಯಾರು?

ಮನೆಗೆ ಬಂದು ಆ ವಾಪಸು ಬಂದ ಹಕ್ಕಿಯನ್ನೇ ಟೊಂಗೆಯಿಂದ ಕಿತ್ತು, ದಪ್ಪ ಕೊರಡಿಗೆ ತಲೆಕೆಳಗಾಗಿ ಅಂಟಿಸಿದೆ. ಹುಕ್ಕೇರಿಗೆ ನಾನೇ ಒಯ್ದು ಕೊಟ್ಟೆ. "ಇದ ನೋಡ್ರಿ! ಅವತ್ತ ಇದನ್ನ ಹೇಳಾಕ ಬಂದಿದ್ದೆ," ಎಂದು ಮಾಸ್ತರರು ಮಗುವಿನಂತೆ ನಕ್ಕರು. ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ. ಚಹಾ ಕುಡಿದು ಬಂದೆ.

ಹುಮ್ಮಸ್ಸಿನಲ್ಲಿ ಅಂಥದೇ ಇನ್ನೊಂದು ಮಾಡಿ ಮನೆ ಮುಂದಿನ ಅಂಗಡಿಯಲ್ಲಿಟ್ಟೆ. ನಿನ್ನೆ ಕೌಜಲಗಿಯ ಹೆಂಗಸೊಬ್ಬಳು ಅದನ್ನೆತ್ತಿ, ಕೊರಡು ಮೇಲುಕೆಳಗು ಮಾಡಿ, ಹಕ್ಕಿಯನ್ನು ನೆಟ್ಟಗೆ ನಿಲ್ಲಿಸಿದಳು. "ಅಣ್ಣಾರ, ಉಲ್ಟಾ ಇಟ್ಟಿದ್ರಿ."

"ಹಂಗಲ್ಲವಾ ತಂಗಿ, ಅದರ ನಡಿಗಿ ಹೆಂಗಂದ್ರ..." ಎಂದು ನಾನು ಬಾಯಿ ತೆಗೆದೆ.

"ಗೊಂಬಿ ಎಲ್ಲೆರ ನಡೀತೈತೇನ್ರಿ?" ಎಂದು ನಕ್ಕು, ಒಂದು ಗಿಳಿ ಕೊಂಡು ಹೋದಳು.

ಒಳಗೆ ಹೆಂಡತಿ ಬಿದ್ದು ಬಿದ್ದು ನಗುತ್ತಿದ್ದಳು.