ಕುಬಸದವರ ಮನೆಯ ಮೀಡಿಯಾ ಸರ್ವರ್ ಮಹಾಸಮರ

ಮನೆಮನೆಯ ಮೂಲೆಯಲ್ಲೂ ರೌಟರ್ ಎಂಬ ನಂದಾದೀಪ ಮಿನುಗುವ ಈ ಪುಣ್ಯಯುಗದಲ್ಲಿ, ಎಲೈ ವಾಗ್ದೇವಿ, ಹುಬ್ಬಳ್ಳಿಯ ವಿದ್ಯಾನಗರವನ್ನು ಬೆಳಗಿದ ಚನ್ನವೀರ ಕುಬಸದನ ಪರಾಕ್ರಮವನ್ನು ನನ್ನಿಂದ ಹೇಳಿಸು. ತಂತಿಜಾಲಮಧ್ಯವಿಹಾರಿಯೂ ಅರ್ಧಪಠಿತಕೈಪಿಡಿಪಂಡಿತನೂ ಆದ ಆ ಮಹಾಶಯನು ಹಗಲು ಕಾಲೇಜಿನಲ್ಲಿ ರಸಾಯನಶಾಸ್ತ್ರ ಬೋಧಿಸುತ್ತಿದ್ದನು; ಉಳಿದ ವೇಳೆ ಯಾರೂ ಕೇಳದ ಸಲಹೆಗಳನ್ನು ಬೋಧಿಸುತ್ತಿದ್ದನು.

ಅವನ ಅತ್ತೆ ಗೌರವ್ವನ ದಿವಂಗತ ಪತಿ ಶಿವಪುತ್ರಪ್ಪನವರು ರೈಲ್ವೆ ವರ್ಕ್‌ಶಾಪಿನ ನೌಕರರ ನಾಟಕದಲ್ಲಿ ರಾಜನಾಗಿ ಮೆರೆದಿದ್ದರು. ಅದರ ವಿಡಿಯೊ ಒಂದು ಹಾರ್ಡ್‌ಡಿಸ್ಕಿನಲ್ಲಿ ಮಾತ್ರ ಉಳಿದಿತ್ತು. ಬೇರೆ ಪ್ರತಿ ಇರಲಿಲ್ಲ. ತನಗೆ ಎಪ್ಪತ್ತು ತುಂಬುವ ದಿನ ಅದನ್ನು ಮಗಳ ಮನೆಯ ದೊಡ್ಡ ಟಿವಿಯಲ್ಲಿ ನೋಡಬೇಕೆಂದು ಗೌರವ್ವ ಬಾಯಿಬಿಟ್ಟು ಕೇಳಿದಳು. ಆಸೆ ಚಿಕ್ಕದು, ಆದರೆ ಅಳಿಯನ ಕೈಗೆ ಸಿಕ್ಕ ಮೇಲೆ ಯಾವುದೂ ಚಿಕ್ಕದಾಗಿ ಉಳಿಯುತ್ತಿರಲಿಲ್ಲ.

ಹಳೆಯ ಕಂಪ್ಯೂಟರೊಂದನ್ನು ಅಟ್ಟದಿಂದಿಳಿಸಿ, ಮನೆಯ ಸಿನಿಮಾ, ಹಾಡು, ಫೋಟೊಗಳನ್ನೆಲ್ಲ ಅದರಲ್ಲಿ ತುಂಬಿ, ಅಲ್ಲಿಂದ ಟಿವಿಗೂ ಮೊಬೈಲುಗಳಿಗೂ ಹಂಚುವ ಮೀಡಿಯಾ ಸರ್ವರ್ ಸ್ಥಾಪಿಸುವೆನೆಂದು ಚನ್ನವೀರನು ಪ್ರತಿಜ್ಞೆಗೈದನು. ಅದಕ್ಕೆ ಯಾವ ಆಪರೇಟಿಂಗ್ ಸಿಸ್ಟಮ್ ಎಂಬ ಪ್ರಶ್ನೆ ಎದ್ದದ್ದೇ ತಡ, ತಾಯಿಯ ಹುಟ್ಟುಹಬ್ಬಕ್ಕೆ ಬಂದಿದ್ದ ಮೈದುನ ರುದ್ರೇಶನು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ರಣರಂಗಕ್ಕಿಳಿದನು.

"ಭಾವಾರ, ಲಿನಕ್ಸ್ ಬಿಟ್ಟು ಬ್ಯಾರೆ ಮಾತ ಆಡಬ್ಯಾಡ್ರಿ! ಈ ಕೈ ಒಂದ ಸಲ ಕಮಾಂಡ್ ಹೊಡೀತಂದ್ರ ಸತ್ತ ಕಂಪ್ಯೂಟರ್ ಸೈತ ಎದ್ದ ಕೂಡತೈತಿ!"

"ಹೋದ ವರ್ಷ ನನ್ನ ಲ್ಯಾಪ್‌ಟಾಪಿಗೆ ಹೊಡದಿದ್ದಿ. ಅದು ಇನ್ನೂ ಎದ್ದಿಲ್ಲಪಾ," ಎಂದನು ವಿಂಡೋಸ್‌ಪಕ್ಷಧುರಂಧರ ಚನ್ನವೀರ. "ಕಾಲೇಜಿನ ಲ್ಯಾಬ್ ಪೂರಾ ನಡಸಾಂವ ನಾನು, ನನಗ ಹೇಳಾಕ ಬರಬ್ಯಾಡ."

"ಲ್ಯಾಬಿನ್ಯಾಗ ಆ್ಯಸಿಡ್ ಸುರಿಯೂದು ಬ್ಯಾರೆ, ಸರ್ವರ್ ಕಟ್ಟೂದು ಬ್ಯಾರೆ!"

ಹೀಗೆ ಘೋರ ಸಂಗ್ರಾಮವು ಮೊದಲಾಯಿತು. ರುದ್ರೇಶನು ಲಿನಕ್ಸನ್ನು ಪ್ರತಿಷ್ಠಾಪಿಸಿ ವಿಜಯಗರ್ವದಿಂದ ಚಹಾ ಕುಡಿಯಲು ಹೋದಾಗ ಚನ್ನವೀರನು ಅದನ್ನು ಅಳಿಸಿ ವಿಂಡೋಸನ್ನು ನೆಲೆಗೊಳಿಸಿದನು. ಚನ್ನವೀರನು ಸ್ನಾನಕ್ಕೆ ಹೋದಾಗ ರುದ್ರೇಶನು ಅದನ್ನೂ ಧೂಳೀಪಟ ಮಾಡಿದನು. ಸಂಜೆಯಾಯಿತು, ನೆಂಟರು ಬಂದರು. ಗೌರವ್ವ ಹೊಸ ಇಳಕಲ್ ಸೀರೆಯುಟ್ಟು ಚಿತ್ರ ಮೂಡದ ಕಪ್ಪು ಟಿವಿಯ ಮುಂದೆ ಕುಳಿತಳು.

"ಇನ್ನೂ ಹೊತ್ತೈತೇನ್ರಿ?"

"ಆತ್ರೀ ಅತ್ತಿಯಾರ, ಈಗ ಆತು!"

ಆ ಅವಸರದಲ್ಲಿ ಯಾರೋ ನಾಟಕದ ಹಾರ್ಡ್‌ಡಿಸ್ಕನ್ನೂ ಕಂಪ್ಯೂಟರಿಗೆ ಜೋಡಿಸಿದ್ದರು. ಎರಡು ಡಿಸ್ಕುಗಳಲ್ಲಿ ಯಾವುದನ್ನು ಅಳಿಸಲಿ ಎಂದು ಪರದೆ ವಿನಯದಿಂದ ಕೇಳಿತು.

"ಮ್ಯಾಲಿಂದು," ಎಂದನು ಭಾವ.

"ಕೆಳಗಿಂದು," ಎಂದನು ಮೈದುನ. ಇಬ್ಬರ ಬೆರಳೂ ಎಂಟರ್ ಕೀಲಿಯತ್ತ ಧಾವಿಸಿದವು.

"ಇದರಾಗ ಅಪ್ಪಂದು ಯಾವುದು?" ಹೋಳಿಗೆಯ ತಟ್ಟೆ ಹಿಡಿದು ಹಿಂದೆ ನಿಂತಿದ್ದ ಚನ್ನವೀರನ ಹೆಂಡತಿ ನೀಲಗಂಗಾ ಕೇಳಿದಳು.

ಬೆರಳುಗಳು ಅಂತರಿಕ್ಷದಲ್ಲೇ ಸ್ತಬ್ಧವಾದವು. ಬೆಳಗಿನಿಂದ ಒಂದು ಮಾತಿಗೂ ಒಪ್ಪದಿದ್ದ ಮಹಾರಥಿಗಳು ಈಗ ಒಂದು ವಿಷಯದಲ್ಲಿ ಸಂಪೂರ್ಣ ಏಕಮತಕ್ಕೆ ಬಂದರು: ಇಬ್ಬರಿಗೂ ಗೊತ್ತಿರಲಿಲ್ಲ.

ಆಕೆ ತಟ್ಟೆಯನ್ನು ತಮ್ಮನ ಕೈಗಿತ್ತು, ಅಪ್ಪನ ಡಿಸ್ಕಿನ ತಂತಿ ಕಿತ್ತು, ಟಿವಿಯ ಹಿಂಬದಿಗೆ ಸಿಕ್ಕಿಸಿ ರಿಮೋಟ್ ಒತ್ತಿದಳು.

ಶಿವಪುತ್ರಪ್ಪನವರು ಕಿರೀಟಧಾರಿಯಾಗಿ ಪ್ರವೇಶಿಸಿದರು. ಖಡ್ಗವೆತ್ತಿ "ಎಲವೋ ಮಂತ್ರಿ!" ಎಂದು ಅಬ್ಬರಿಸಿದರು. ಮುಂದಿನ ಮಾತು ಮರೆತು ಹಾಗೇ ನಿಂತರು.

"ಕೋಟೆಯ ಬಾಗಿಲು ಹಾಕಿಸು, ಅನ್ರಿ..." ಎಂದು ಗೌರವ್ವ ಮುಂದಕ್ಕೆ ಬಾಗಿ ಪಿಸುಗುಟ್ಟಿದಳು. ಅವಳು ನಗುತ್ತಿದ್ದಳು, ಸೆರಗು ಕಣ್ಣಿಗೆ ಹೋಗಿತ್ತು.

"ಭಾವಾರ, ಈ ಟಿವಿಯೊಳಗ ಯಾವ ಸಿಸ್ಟಮ್ ಐತಿ, ಹೇಳ್ರಿ ನೋಡೂಣು," ಎಂದು ರುದ್ರೇಶನು ಕೆಣಕಿದನು. ಚನ್ನವೀರನು ಎದೆಯುಬ್ಬಿಸಿ ಬಾಯಿ ತೆರೆದನು.

"ಇಬ್ಬರೂ ಹೊರಗ ಹೋಗ್ರಿ," ಎಂದಳು ಗೌರವ್ವ, ಟಿವಿಯಿಂದ ಕಣ್ಣು ಕೀಳದೆ.

ಮಹಾವೀರರಿಬ್ಬರೂ ವರಾಂಡಕ್ಕೆ ಹೋಗಿ, ನೆಂಟರ ಚಪ್ಪಲಿಗಳ ನಡುವೆ ನಿಂತು, ಕಿಟಕಿಯಿಂದ ನಾಟಕ ನೋಡಿದರು.