ಭಾವನವರ ಆಯಿಲ್ ಕಡ್ಡಿ

ನಮ್ಮ ಭಾವನವರು ದೇವರನ್ನು ನಂಬುತ್ತಾರೆ, ಹೆಂಡತಿಯನ್ನು ನಂಬುತ್ತಾರೆ, ಚುನಾವಣೆ ಕಾಲದ ಭಾಷಣಗಳನ್ನೂ ನಂಬಿಬಿಡುತ್ತಾರೆ. ಆದರೆ ನಿನ್ನೆ ತಾವೇ ಕಣ್ಣಾರೆ ನೋಡಿದ ಇಂಜಿನ್ ಆಯಿಲ್ ಇವತ್ತೂ ಅಲ್ಲೇ ಇದೆ ಎಂಬುದನ್ನು ಮಾತ್ರ, ಉಹೂಂ, ಸತ್ತರೂ ನಂಬುವುದಿಲ್ಲ!

ಚಾಮರಾಜನಗರದಲ್ಲಿ ಅರಿಶಿನದ ವ್ಯಾಪಾರ ಮಾಡುವ ಮನುಷ್ಯ. ಬೆಳಿಗ್ಗೆ ಹಣೆಗೆ ವಿಭೂತಿ ಬಳಿದು, ಲಿಂಗಪೂಜೆ ಮುಗಿಸಿ, ಮನೆಯವರೆಲ್ಲ ತಿಂಡಿಗೆ ಕೂತರೆ ಇವರು ವ್ಯಾನಿನ ಮುಂದೆ ನಿಲ್ಲುತ್ತಾರೆ. ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಅದ್ದಿ, ಮತ್ತೆ ಎಳೆದು, ಬಿಸಿಲಿಗೆ ಹಿಡಿದು ನೋಡುತ್ತಾರೆ. ಒಂದು ಹನಿಯನ್ನು ಬೆರಳಲ್ಲಿ ಉಜ್ಜಿ ಮೂಸುತ್ತಾರೆ. ಅಕ್ಕ ಮಾಡಿದ ಸಾರನ್ನು ಅವರು ಇಷ್ಟು ಶ್ರದ್ಧೆಯಿಂದ ಮೂಸಿದ್ದನ್ನು ನಾನಂತೂ ಕಂಡಿಲ್ಲ. ಆಮೇಲೆ ಕೂಲೆಂಟು, ಬ್ರೇಕ್ ಆಯಿಲು, ಬ್ಯಾಟರಿ ನೀರು, ವೈಪರ್ ನೀರು, ನಾಲ್ಕು ಚಕ್ರದ ಗಾಳಿ, ಹಿಂದೆ ಮಲಗಿರುವ ಐದನೆಯದರ ಕ್ಷೇಮಸಮಾಚಾರ. ಇಷ್ಟೆಲ್ಲ ಮುಗಿದ ಮೇಲೆ ವ್ಯಾನು ಎಲ್ಲಿಗೆ ಹೊರಡುತ್ತದೆ ಅಂತೀರಿ? ಎಲ್ಲಿಗೂ ಇಲ್ಲ! ಭಾವ ಅಂಗಡಿಗೆ ಹೋಗುವುದು ಸೈಕಲ್ಲಿನಲ್ಲಿ.

ನೀರಿನ ವಿಷಯದಲ್ಲಂತೂ ಆ ಮನೆಯಲ್ಲಿ ಪಂಕ್ತಿಭೇದ. ಬ್ಯಾಟರಿಗೆ ಬಾಟಲಿ ನೀರು, ಮನುಷ್ಯರಿಗೆ ನಲ್ಲಿ ನೀರು. ಒಮ್ಮೆ ಚಂದಕವಾಡಿಯಿಂದ ಬಂದ ನೆಂಟರೊಬ್ಬರು ಬಾಯಾರಿ ಜಗಲಿಯ ಮೇಲಿದ್ದ ಬಾಟಲಿಗೆ ಕೈಹಾಕಿದರು. ಭಾವ ಒಳಗಿನಿಂದ ಓಡಿಬಂದರು.

“ಅಯ್ಯಯ್ಯೋ, ಅದ ಮುಟ್ಬ್ಯಾಡಿ! ಅದು ಬ್ಯಾಟ್ರಿದು!”

ನೆಂಟರು ಬೆಚ್ಚಿಬಿದ್ದು, “ಯಾಕೆ, ಆಸಿಡ್ಡಾ?” ಅಂದರು.

“ಇಲ್ಲ ಇಲ್ಲ, ಬಲು ಸುದ್ಧವಾದ ನೀರು. ನಿಮ್ಗೆ ನಲ್ಲಿ ನೀರು ತತ್ತೀನಿ, ವಸಿ ತಡೀರಿ.”

ಇನ್ನು ಈ ವ್ಯಾನಿನ ರಚನೆ ಕೇಳಿ. ಇಂಜಿನ್ನು ಇರುವುದು ಮುಂದಿನ ಸೀಟಿನ ಕೆಳಗೆ. ಆಯಿಲ್ ನೋಡಬೇಕಾದರೆ ಸೀಟು ಎತ್ತಬೇಕು. ಸೀಟು ಎತ್ತಬೇಕಾದರೆ ಅದರ ಮೇಲೆ ಕೂತವರು ಇಳಿಯಬೇಕು. ಹಿಂದೆ ಕೂತರೆ ವಾಂತಿ ಬರುತ್ತದೆಂದು ಆ ಸೀಟು ಹಿಡಿಯುವವರು ನಮ್ಮವ್ವ. ಮಂಡಿನೋವಿನ ಅವ್ವ ಇದ್ದಬದ್ದ ದೇವರನ್ನೆಲ್ಲ ಕರೆದು ಹತ್ತಿ ಕೂತು, ಎಲೆಅಡಿಕೆ ಬಾಯಿಗಿಟ್ಟುಕೊಂಡ ಮೇಲೆಯೇ ಅಳಿಯನಿಗೆ ಆಯಿಲಿನ ನೆನಪಾಗುವುದು!

ಅಕ್ಕನ ಒಬ್ಬಳೇ ಮಗಳು ಸುಮ. ಅವಳಿಗೆ ಗುಂಡ್ಲುಪೇಟೆಯ ಹುಡುಗ ಗೊತ್ತಾದ. ತಾಂಬೂಲ ಬದಲಾಯಿಸಲು ಎಲ್ಲರೂ ವ್ಯಾನಿನಲ್ಲಿ ಹೊರಟೆವು. ತೆರಕಣಾಂಬಿ ದಾಟಿದ್ದೇ ತಡ, ಭಾವ “ಏನೋ ವಾಸ್ನೆ ಬತ್ತಾದೆ” ಎಂದು ಗಾಡಿ ನಿಲ್ಲಿಸಿಬಿಟ್ಟರು. ವಾಸನೆ ಬರುತ್ತಿದ್ದದ್ದು ರಸ್ತೆ ಪಕ್ಕದ ಚೆಂಡುಹೂವಿನ ಹೊಲದಿಂದ. ಅದನ್ನು ಅವರಿಗೆ ಹೇಳುವವರು ಯಾರು?

“ಅತ್ತೆ, ವಸಿ ಇಳೀರಿ.”

“ಅಳಿಯಂದ್ರೆ, ಹೊರಡುವಾಗ ನೋಡುದ್ರಲ್ಲ! ಅಷ್ಟರಲ್ಲಿ ಅದ ಯಾರು ಕುಡುದ್ಬುಟ್ಟಾರು?” ಅಂದರು ಅವ್ವ.

“ಆಗ ನೋಡಿದ್ದು ಮನೇಲಿದ್ದ ಆಯಿಲು. ಈಗ ನೋಡದು ದಾರೀಲಿರೋ ಆಯಿಲು.”

ಅವ್ವ ಇಳಿದರು. ಇಳಿದರಾಯಿತೇ? ಓಡಿದ ಇಂಜಿನ್ನು ತಣ್ಣಗಾಗದೆ ಕಡ್ಡಿ ಎಳೆಯುವಂತಿಲ್ಲವಂತೆ. ರೇಷ್ಮೆ ಸೀರೆ ಉಟ್ಟ ಹೆಂಗಸರೆಲ್ಲ ಚೆಂಡುಹೂವಿನ ಬದಿಯಲ್ಲಿ ಬೆದರುಗೊಂಬೆಗಳಂತೆ ನಿಂತರು. ಬೀಗರ ಫೋನು ಬಂತು, ಮತ್ತೆ ಬಂತು.

“ರೀ, ನಿಮ್ಮ ಇಂಜಿನ್ ತಣ್ಣಗಾಗೋ ಹೊತ್ಗೆ ಅಲ್ಲಿ ಬೀಗ್ರು ಬಿಸಿಯಾಯ್ತಾರೆ!” ಎಂದು ಅಕ್ಕ ಕಿರುಚಿದಳು.

ಅಂತೂ ತಲುಪಿದೆವು. ಬಾಗಿಲಲ್ಲೇ ಕಾದಿದ್ದ ಬೀಗರು ಭಾವನ ಕೈ ಹಿಡಿದು ಕುಲುಕಿ, ತಮ್ಮ ಅಂಗೈ ನೋಡಿಕೊಂಡರು. ಕಾಡಿಗೆಯಂಥ ಕಪ್ಪು! ಮುಗಿಯಿತು ಸಂಬಂಧ ಅಂದುಕೊಂಡೆ. ಪುಣ್ಯಾತ್ಮ ನಕ್ಕುಬಿಟ್ಟರು: “ಏನ್ ಬೀಗ್ರೆ, ಎಣ್ಣೆಶಾಸ್ತ್ರ ಈಗ್ಲೇ ಸುರು ಮಾಡ್ಬುಟ್ರಾ?”

ಒಳಗೆ ಹುಡುಗನ ಅಜ್ಜಿ ಸುಮಳನ್ನು ಹತ್ತಿರ ಕೂರಿಸಿಕೊಂಡು, “ಏನೇನ್ ಕೆಲ್ಸ ಬತ್ತದವ್ವ ನಿಂಗೆ?” ಅಂದರು. ಫ್ರಾಕು ಹಾಕುವ ವಯಸ್ಸಿನಿಂದ ಅಪ್ಪನ ಪಕ್ಕ ಒರೆಸುವ ಬಟ್ಟೆ ಹಿಡಿದು ನಿಂತವಳು. “ಸ್ಟೆಪ್ನಿ ಹಾಕಕೆ ಬತ್ತದಜ್ಜಿ” ಅಂದಳು. ಅಕ್ಕ ತಲೆ ಚಚ್ಚಿಕೊಂಡಳು. ಭಾವ ಮಾತ್ರ ಮಗಳಿಗೆ ಪದಕ ಬಂದವರಂತೆ ಸಭೆಯನ್ನೆಲ್ಲ ಒಮ್ಮೆ ನೋಡಿದರು. ಹುಡುಗ ಆ ಮಾತಿಗೇ ಬಿದ್ದನಂತೆ. ಅವನ ಗ್ರಹಚಾರಕ್ಕೆ ನಾವೇನು ಮಾಡೋಣ?

ಮದುವೆ ನಮ್ಮೂರ ಛತ್ರದಲ್ಲಿ ಚೆನ್ನಾಗಿಯೇ ನಡೆಯಿತು. ಊಟವಾಗಿ, ಹೆಣ್ಣು ಒಪ್ಪಿಸುವ ಶಾಸ್ತ್ರವೂ ಮುಗಿದು, ಮದುಮಕ್ಕಳು ಗಂಡಿನ ಕಡೆಯ ಹೊಸ ಕಾರಿನಲ್ಲಿ ಕೂತರು. ಗುಲಾಬಿ, ಸುಗಂಧರಾಜ, ರಿಬ್ಬನ್ನುಗಳಿಂದ ಕಾರು ಪಲ್ಲಕ್ಕಿಯಂತಿತ್ತು. ಇನ್ನೇನು ಹೊರಡಬೇಕು, ಭಾವ ಹೋಗಿ ಅಡ್ಡ ನಿಂತರು. ರಿಬ್ಬನ್ನು ಬಿಚ್ಚಿ, ಹೂವನ್ನೆಲ್ಲ ಪಕ್ಕಕ್ಕೆ ಸರಿಸಿ, ಬಾನೆಟ್ ಎತ್ತಿಯೇಬಿಟ್ಟರು!

ಗಂಡಿನ ಕಡೆಯವರಲ್ಲಿ ಗುಸುಗುಸು. ಹುಡುಗನ ದೊಡ್ಡಪ್ಪ ಮೀಸೆ ತಿರುವಿದರು. “ರಾವುಕಾಲ ಬತ್ತಾದೆ. ನಮ್ ಕಾರ್ ಮ್ಯಾಲೆ ನಂಬ್ಕೆ ಇಲ್ವಾ ಇವ್ರಿಗೆ?”

ಅಕ್ಕ ನನ್ನ ಬೆನ್ನಿಗೆ ತಿವಿದಳು. “ಹೋಗ್ಲಾ, ಎಳ್ಕಂಡ್ ಬಾ! ಮಾನ ಕಳೀತಾವ್ರೆ.”

ನಾನು ಬಿರಬಿರನೆ ಹೋಗಿ, “ಭಾವ, ಗುಂಡ್ಲುಪೇಟೆಗೆ ಹೋಗ್ತಿರೋದು, ಚಂದ್ರಲೋಕಕ್ಕಲ್ಲ” ಎನ್ನುತ್ತ ಬಾನೆಟ್ಟಿನ ಕೆಳಗೆ ತಲೆ ಹಾಕಿದೆ.

ಭಾವ ಕಡ್ಡಿಯನ್ನು ಎಳೆದೇ ಇರಲಿಲ್ಲ. ಇಂಜಿನ್ನಿನ ಮೇಲೆ ಎರಡೂ ಕೈ ಊರಿ, ಸದ್ದಿಲ್ಲದೆ ಅಳುತ್ತಿದ್ದರು. ನನ್ನನ್ನು ಕಂಡು, “ಕಣ್ಗೆ ಏನೋ ಬಿತ್ತು ಕಣಯ್ಯ” ಎಂದು ಮುಖ ತಿರುಗಿಸಿಕೊಂಡರು.

ಅಷ್ಟರಲ್ಲಿ ಬಳೆಯ ಸದ್ದು. ಸುಮ ಕಾರಿನಿಂದ ಇಳಿದು ಬಂದು, ಧಾರೆ ಸೀರೆಯಲ್ಲೇ ಅಪ್ಪನ ಪಕ್ಕ ಬಗ್ಗಿ ನಿಂತಳು.

“ಅಪ್ಪ, ಆಯಿಲ್ ಸರ್ಯಾಗದಾ?”

“ಅದೆ ಕಣವ್ವ.”

“ಕೂಲೆಂಟು?”

“ಅದೂ ಅದೆ.”

“ಮತ್ಯಾಕಪ್ಪ ಬಾನೆಟ್ ಮುಚ್ನಿಲ್ಲ?”

ಭಾವ ಶಲ್ಯದ ತುದಿಯಿಂದ ಬ್ಯಾಟರಿಯ ಮೇಲೆ ಇಲ್ಲದ ಧೂಳನ್ನು ಒರೆಸಿದರು. ಆಮೇಲೆ ಮೆಲ್ಲಗೆ, “ಮುಚ್ಬುಟ್ರೆ ನೀನು ಹೊಂಟೋಯ್ತೀಯಲ್ಲವ್ವ” ಅಂದರು.

ನಾನು ತಲೆ ಹೊರಗೆ ತೆಗೆದೆ. ಹುಡುಗನ ದೊಡ್ಡಪ್ಪ ನಮ್ಮ ಕಡೆಗೇ ಬರುತ್ತಿದ್ದರು. ಕೈ ಅಡ್ಡ ಹಿಡಿದು, ಇಡೀ ಛತ್ರಕ್ಕೆ ಕೇಳುವಂತೆ ಕೂಗಿದೆ:

“ವಸಿ ತಡೀರಿ ಬೀಗ್ರೆ! ಬ್ರೇಕ್ ಆಯಿಲ್ ಕಮ್ಮಿ ಅದೆ!”

ಬ್ರೇಕ್ ಆಯಿಲು ಗಂಟಲವರೆಗೂ ತುಂಬಿತ್ತು.