ಮಂಡಿ ಕೈಕೊಟ್ಟು ಕೋಚ್ ಆದ ಮೇಲೆ

ಆಡುವವನ ಫಜೀತಿ ತೊಂಬತ್ತು ನಿಮಿಷಕ್ಕೆ ಮುಗಿಯುತ್ತದೆ. ಆಡಿಸುವವನದು ಮುಗಿಯುವುದೇ ಇಲ್ಲ, ದಿನಕ್ಕೊಂದು ಹುಡುಕಿಕೊಂಡು ಬರುತ್ತದೆ. ನಾನು ಹತ್ತು ವರ್ಷ ಗೋವಾದ ಕ್ಲಬ್ಬೊಂದರಲ್ಲಿ ಫುಟ್‌ಬಾಲ್ ಆಡಿದವನು. ರಜೆಯಲ್ಲಿ ಕಾರವಾರಕ್ಕೆ ಬಂದರೆ ಕ್ಷೌರದಂಗಡಿಯಲ್ಲಿ ಜನ ತಮ್ಮ ಸರದಿ ನನಗೆ ಬಿಟ್ಟುಕೊಡುತ್ತಿದ್ದರು. ಎರಡು ಸಾವಿರದ ಮೂರೋ ನಾಲ್ಕೋ ಇಸವಿ, ಬಲಮಂಡಿ ಕೈಕೊಟ್ಟಿತು. ಡಾಕ್ಟರು “ಇನ್ನು ಓಡುವುದು ಸಾಕು” ಎಂದರು. ಹಬ್ಬುವಾಡದ ಮನೆಗೆ ಮರಳಿ ಊರಿನ ತಂಡಕ್ಕೆ ಕೋಚ್ ಆದೆ.

ಯಾವ ಕೋಚು?

“ಮಗನಿಗೆ ಕೋಚ್ ಕೆಲಸ ಸಿಕ್ಕಿತು” ಎಂದು ನಮ್ಮ ಆಯಿ ಬಾವಿಕಟ್ಟೆಯಲ್ಲಿ ಹೇಳಿದ್ದಷ್ಟೇ. ಊರ ಪಕ್ಕದ ಶಿರವಾಡಕ್ಕೆ ರೈಲು ಬಂದು ಆಗಿನ್ನೂ ಕೆಲವೇ ವರ್ಷ. ಕೋಚ್ ಎಂದರೆ ಜನಕ್ಕೆ ನೆನಪಾಗುತ್ತಿದ್ದದ್ದು ರೈಲಿನ ಡಬ್ಬಿ. ಮರುದಿನ ಬೆಳಿಗ್ಗೆಯೇ ಪಕ್ಕದ ಮನೆಯ ಅಜ್ಜಿ ಹಾಜರ್.

“ಮುಂಬಯಿಗೆ ಎರಡು ಬರ್ತ್ ಮಾಡಿಕೊಡು ಬಾಬಾ. ಕೆಳಗಿಂದೇ ಬೇಕು, ನಂಗೆ ಮೇಲೆ ಹತ್ತೂಕೆ ಆಗೂದಿಲ್ಲ.”

“ಅಜ್ಜಿ, ನಾನು ಆಟ ಕಲಿಸೋ ಕೋಚು. ರೈಲಿಗೂ ನಂಗೂ ಸಂಬಂಧ ಇಲ್ಲ.”

“ಹಂಗಾರೆ ನೀ ಇನ್ನು ಆಡೂದಿಲ್ವಾ?”

“ಇಲ್ಲ. ನಾನು ಹೊರಗೆ ನಿಂತು ಹೇಳ್ತೇನೆ, ಅವರು ಆಡ್ತಾರೆ.”

ಅಜ್ಜಿ ಕೆನ್ನೆಗೆ ಕೈಯಿಟ್ಟಳು. “ಹೊರಗೆ ನಿಂತು ಹೇಳೂದಾ? ಅದನ್ನ ನಮ್ಮನೆ ಮುದುಕರು ದಿನಾ ಟಿವಿ ಮುಂದೆ ಕೂತು ಮಾಡ್ತಾರೆ. ಅವರಿಗೆ ಯಾರೂ ಕೆಲಸ ಕೊಡ್ಲಿಲ್ಲ ಮಾರಾಯಾ!”

ಮಾಡಿ ತೋರಿಸಿದ್ದು

ನನ್ನ ತಂಡದಲ್ಲಿ ಒಬ್ಬ ಬ್ಯಾಂಕಿನ ಗುಮಾಸ್ತ, ಒಬ್ಬ ಗ್ಯಾರೇಜಿನ ಮೆಕ್ಯಾನಿಕ್. ಉಳಿದವರಲ್ಲಿ ಹೆಚ್ಚಿನವರು ಮೀನುಗಾರರು. ಮೊದಲ ದಿನವೇ ನನ್ನ ಹೆಸರಾಂತ ಫ್ರೀಕಿಕ್ ಕಲಿಸಿಬಿಡೋಣ ಎಂಬ ಹುಮ್ಮಸ್ಸು.

“ಬಾಯಲ್ಲಿ ಹೇಳೂದಿಲ್ಲ. ನಾನು ಮಾಡಿದ್ದನ್ನ ಕಣ್ಣಿಟ್ಟು ನೋಡಿ. ಒಂದೂ ಬಿಡದೆ ಹಾಗೇ ಮಾಡಬೇಕು.”

ಡಾಕ್ಟರ ಮಾತು ಮರೆತು ಓಡಿಬಂದು ಒದ್ದೆ. ಮಂಡಿ ಕಟಕ್ಕೆಂದಿತು. “ಅಯ್ಯೋ ಆಯೀ!” ಎಂದು ಕಿರುಚಿ, ಮಂಡಿ ಹಿಡಿದುಕೊಂಡು ಎರಡು ಸುತ್ತು ಉರುಳಿದೆ. ಬಾಲು ಎಲ್ಲಿ ಹೋಯಿತೆಂದು ನನಗೇ ಗೊತ್ತಿಲ್ಲ.

ಯಾರೂ ನಗಲಿಲ್ಲ. ಎತ್ತಲೂ ಬರಲಿಲ್ಲ. ಒಬ್ಬೊಬ್ಬರಾಗಿ ಬಂದು, ಒದ್ದು, ಮಂಡಿ ಹಿಡಿದು, ಶ್ರದ್ಧೆಯಿಂದ ಎರಡೆರಡು ಸುತ್ತು ಉರುಳಿದರು. ಗುಮಾಸ್ತ ಮಾತ್ರ ಕೈಯೆತ್ತಿ ನಿಂತಿದ್ದ. ಪಾಪ, ಎಲ್ಲದರಲ್ಲೂ ಅಚ್ಚುಕಟ್ಟಿನ ಮನುಷ್ಯ.

“ಸರ್, ಒಂದು ಡೌಟು. ‘ಅಯ್ಯೋ ಆಯೀ’ ಅನ್ನೋದು ಬಾಲಿಗೆ ಕಾಲು ತಾಗೋ ಮೊದಲೋ, ತಾಗಿದ ಮೇಲೋ?”

ಬಲೆ

ಒಮ್ಮೆ ಹಣಕೋಣದ ತಂಡದ ಜೊತೆ ಕಡಲದಂಡೆಯಲ್ಲಿ ಸ್ನೇಹದ ಪಂದ್ಯ ಇಟ್ಟುಕೊಂಡೆವು. ಅರ್ಧ ಆಟ ಆಗಿರಬೇಕು, ಆಚೆ ಉದ್ದನೆಯ ರಂಪಣಿ ಬಲೆಯನ್ನು ದಡಕ್ಕೆ ಎಳೆಯುತ್ತಿದ್ದವರು ಕೂಗು ಹಾಕಿದರು: “ಬಂಗಡೆ ಭರ್ತಿ ಬಿದ್ದದೆ, ಎಳೂಕೆ ಬನ್ನಿ!” ನಮ್ಮ ಗೋಲ್‌ಕೀಪರ್ ಹಿಂದೆಮುಂದೆ ನೋಡದೆ ಓಡಿದ. ಅವನ ಹಿಂದೆ ಡಿಫೆಂಡರುಗಳೂ ಓಡಿದರು. ಹಣಕೋಣದವನೊಬ್ಬ ಬಾಲು ಕಾಲಬುಡದಲ್ಲಿಟ್ಟುಕೊಂಡು ನಮ್ಮ ಖಾಲಿ ಗೋಲಿನ ಎದುರು ನಿಂತಿದ್ದ. ಒಂದು ಒದ್ದರೆ ಸಾಕಿತ್ತು. ಅವನೂ ಬಾಲು ಬಿಟ್ಟು ಓಡಿದ. ಕೊನೆಗೆ ರೆಫರಿಯೂ ಪ್ಯಾಂಟು ಮಡಚಿಕೊಂಡು ನೀರಿಗಿಳಿದರು.

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ನೋಡುತ್ತೇನೆ, ಎರಡೂ ತಂಡದವರು ಸಾಲಾಗಿ ನಿಂತು, ಒಂದೇ ಹೆಜ್ಜೆ ಹಾಕಿ, ಒಂದೇ ಉಸಿರಿಗೆ ಹಗ್ಗ ಎಳೆಯುತ್ತಿದ್ದಾರೆ! ಮೂರು ತಿಂಗಳು ಗಂಟಲು ಹರಿದುಕೊಂಡರೂ ನನ್ನಿಂದ ಇದು ಆಗಿರಲಿಲ್ಲ. ಆದರೂ ಹುದ್ದೆಯ ಮರ್ಯಾದೆಗೆಂದು ಸೀಟಿ ಊದುತ್ತಲೇ ಇದ್ದೆ. ಬುಟ್ಟಿ ಹಿಡಿದು ನಿಂತಿದ್ದ ಮೀನು ಮಾರುವ ಹೆಂಗಸು ರೇಗಿದಳು, “ಸೀಟಿ ಊದಿದ್ರೆ ಮೀನು ಬರೂದಿಲ್ಲ ಮಾರಾಯಾ, ಹಗ್ಗ ಹಿಡಿ!”

ಹಿಡಿದೆ. ಪಂದ್ಯ ಸೊನ್ನೆ–ಸೊನ್ನೆ. ಬಂಗಡೆ ಮಾತ್ರ ತಲೆಗೊಂದು ಡಜನ್.

ಅಂಕೋಲೆಯ ಗೋಲ್‌ಕೀಪರ್

ಅಂಕೋಲೆ ನನ್ನ ಹೆಂಡತಿಯ ತವರು. ಅಲ್ಲಿನ ಟೂರ್ನಮೆಂಟಿನ ಫೈನಲ್‌ನಲ್ಲಿ ನಾವು ಮತ್ತು ಅಂಕೋಲೆಯವರು. ಅವರ ಗೋಲ್‌ಕೀಪರ್ ನನ್ನ ಹೆಂಡತಿಯ ತಮ್ಮ. ಆ ಟೂರ್ನಮೆಂಟಿನಲ್ಲಿ ಅವನು ನೆಟ್ಟಗೆ ಒಂದು ಬಾಲೂ ತಡೆದಿರಲಿಲ್ಲ. ಅವರ ಫಾರ್ವರ್ಡುಗಳು ಗೋಲು ಹೊಡೆದೂ ಹೊಡೆದೂ ಫೈನಲ್ ತನಕ ತಂದಿದ್ದರು.

ಒಂದಕ್ಕೆ ಎರಡರಿಂದ ನಾವು ಹಿಂದೆ. ಕೊನೆಯ ನಿಮಿಷದಲ್ಲಿ ನಮಗೊಂದು ಪೆನಾಲ್ಟಿ ಸಿಕ್ಕಿತು. ಒದೆಯಬೇಕಾದವನ ಕಾಲು ಹಿಡಿದುಕೊಂಡಿತ್ತು. ಜನ ಸಾಲದೆ ಬದಲಿ ಆಟಗಾರರ ಪಟ್ಟಿಯಲ್ಲಿ ನನ್ನ ಹೆಸರನ್ನೂ ಬರೆದಿದ್ದೆವು. ಪ್ರೇಕ್ಷಕರು ನನ್ನನ್ನು ಕೂಗತೊಡಗಿದರು. ಹಳೆಯ ಚಪ್ಪಾಳೆ ಕಿವಿಗೆ ಬಿದ್ದದ್ದೇ ಕೋಚ್ ಮಾಯವಾದ. ಅಂಗಿ ಬದಲಿಸಿ ಒಳಗೆ ನಡೆದೆ. ಗೋವಾದಲ್ಲಿ ಹತ್ತು ವರ್ಷ ನಾನು ಪೆನಾಲ್ಟಿ ತಪ್ಪಿಸಿದವನಲ್ಲ.

ನಿಧಾನಕ್ಕೆ ಬಂದೆ. ಒದ್ದೆ. ಎಡಮೂಲೆಗೆ, ನೆಲಕ್ಕಂಟಿ ಹೋಗುವ ಹೊಡೆತ. ಭಾವಮೈದುನ ಅಲ್ಲೇ ಮಲಗಿ ಕಾದವನ ಹಾಗೆ ಬಾಲನ್ನು ಎದೆಗವಚಿಕೊಂಡಿದ್ದ!

ಸೀಟಿ ಬಿತ್ತು. ಸೋತೆವು. ಅವನು ಎದ್ದು ಬಂದು ನನ್ನ ಕಾಲು ಮುಟ್ಟಿದ.

“ಬೇಜಾರ್ ಮಾಡ್ಕೊಬೇಡಿ ಭಾವಾ. ಹೋದ ತಿಂಗಳು ಊಟಕ್ಕೆ ಬಂದಾಗ ಅಂಗಳದಲ್ಲಿ ನೀವೇ ಕಲಿಸಿದ್ದಲ್ವಾ? ಒದೆಯೋನ ಮುಖ ನೋಡಬೇಡ, ನೆಲಕ್ಕೂರಿದ ಪಾದ ನೋಡು, ಅದು ತಿರುಗಿದ ಕಡೆ ಹಾರು ಅಂತ. ಹಾರಿದೆ.”

ತಲೆ ತಗ್ಗಿಸಿ ಹೊರಗೆ ಬಂದರೆ ನನ್ನ ಹೆಂಡತಿ ಇನ್ನೂ ಚಪ್ಪಾಳೆ ತಟ್ಟುತ್ತಲೇ ಇದ್ದಾಳೆ.

“ಯಾರ ಕಡೆಯವಳೇ ನೀನು?” ಎಂದೆ.

“ನಿಮ್ಮ ಕಡೆಯವಳೇ ರೀ,” ಎಂದಳು. “ಆ ದಡ್ಡನ ಕೈಲಿ ಬಾಲ್ ಹಿಡಿಸಿದ್ರಲ್ಲ! ಆಡೂದು ಬಿಟ್ಟಿದ್ದು ಚೊಲೋ ಆಯ್ತು. ಕಲಿಸೂದು ನಿಮಗೆ ಎಷ್ಟು ಚೊಲೋ ಬರ್ತದೆ!”